ತೆರಿಗೆದಾರರ ಹಣ ಮತ್ತು ಹುಡುಗಿಯರ ಓದು



ಐಟಿಯವಳಿಗೆ ಈ ವಿಷಯ ಯಾಕೆ ಅಂತ ಕೆಲವರು ಕೇಳಿದರು. ನಾನು ಗೇಟ್ ಪರೀಕ್ಷೆ ಬರೆದು ಎಂ.ಟೆಕ್ ಮಾಡಿದವಳು. ಆಗ ತಿಂಗಳಿಗೆ 8,000 ರೂಪಾಯಿ ಸ್ಟೈಪೆಂಡ್ ಬರುತ್ತಿತ್ತು; ಆಮೇಲೆ ಅದು 12,400 ಆಯಿತು. ಅದೂ ಸರ್ಕಾರದ ದುಡ್ಡೇ. ಆದರೆ 'ತೆರಿಗೆದಾರರ ಹಣದಲ್ಲಿ ಓದ್ತೀಯಲ್ಲ' ಎಂದು ನನ್ನನ್ನು ಯಾರೂ ಕೇಳಲಿಲ್ಲ. ಟಿವಿಯಲ್ಲಿ ಆ ಪ್ರಶ್ನೆ ಬರುವುದು ಇತಿಹಾಸ, ಸಮಾಜಶಾಸ್ತ್ರ, ಭಾಷೆ ಓದುವವರಿಗೆ ಮಾತ್ರ.

2016ರ ಫೆಬ್ರವರಿಯಲ್ಲಿ ದೆಹಲಿಯ ಜೆಎನ್‌ಯುನಲ್ಲಿ ಕೂಗಿದರೆನ್ನಲಾದ ಘೋಷಣೆಗಳ ಗಲಾಟೆ ನಿಮಗೆ ನೆನಪಿರಬಹುದು. ಯಾರು ಏನು ಕೂಗಿದರು ಎಂಬುದು ಕೋರ್ಟಿನ ವಿಷಯ, ಅದನ್ನು ಅಲ್ಲಿಗೇ ಬಿಡೋಣ. ದೆಹಲಿ ಸರ್ಕಾರ ಹೈದರಾಬಾದಿನ ಪ್ರಯೋಗಾಲಯಕ್ಕೆ ಕಳಿಸಿದ ಏಳು ವಿಡಿಯೋಗಳಲ್ಲಿ ಎರಡನ್ನು ತಿರುಚಲಾಗಿತ್ತು ಎಂದು ವರದಿ ಬಂತು. ಅಷ್ಟರಲ್ಲಿ ಸ್ಟುಡಿಯೋಗಳಲ್ಲಿ ತೀರ್ಪು ಹೊರಬಿದ್ದಾಗಿತ್ತು. 'ತುಕ್ಡೆ ತುಕ್ಡೆ ಗ್ಯಾಂಗ್' ಎಂಬ ಹೆಸರೂ ಅಂಟಿತ್ತು. 2020ರಲ್ಲಿ ಮಾಹಿತಿ ಹಕ್ಕಿನಡಿ ಕೇಳಿದಾಗ, ಇಂಥ ಗ್ಯಾಂಗಿನ ಬಗ್ಗೆ ತನ್ನಲ್ಲಿ ಮಾಹಿತಿ ಇಲ್ಲ ಎಂದು ಗೃಹ ಸಚಿವಾಲಯವೇ ಉತ್ತರಿಸಿತು. ಆ ಉತ್ತರದ ಮೇಲೆ ರಾತ್ರಿ ಒಂಬತ್ತರ ಚರ್ಚೆ ಆದದ್ದು ನಾನಂತೂ ನೋಡಿಲ್ಲ.

2019ರಲ್ಲಿ ಅಲ್ಲಿನ ಹಾಸ್ಟೆಲ್ ಒಂಟಿ ಕೋಣೆಯ ಬಾಡಿಗೆಯನ್ನು 20 ರೂಪಾಯಿಯಿಂದ 600ಕ್ಕೆ ಏರಿಸಲು ಹೊರಟರು. ಟಿವಿ ಹಿಡಿದುಕೊಂಡದ್ದು ಆ 20 ರೂಪಾಯಿಯನ್ನು. ಮೆಸ್ ಬಿಲ್ ವಿದ್ಯಾರ್ಥಿಗಳೇ ಕಟ್ಟುತ್ತಾರೆಂದು ಎಷ್ಟು ಜನ ಹೇಳಿದರು? 2017-18ರಲ್ಲಿ ಸೇರಿದವರಲ್ಲಿ ಸುಮಾರು 40 ಶೇಕಡಾ ಮಕ್ಕಳ ಮನೆಯ ಆದಾಯ ತಿಂಗಳಿಗೆ 12,000 ರೂಪಾಯಿಗಿಂತ ಕಡಿಮೆ ಎಂದು ವಿಶ್ವವಿದ್ಯಾಲಯದ ವಾರ್ಷಿಕ ವರದಿಯೇ ಹೇಳಿತ್ತು. ಆ ಮನೆಯವರೂ ಸೋಪಿಗೆ, ಬಿಸ್ಕತ್ತಿಗೆ ಜಿಎಸ್‌ಟಿ ಕೊಡುತ್ತಾರೆ. ತೆರಿಗೆದಾರ ಅಂದರೆ ಫಾರ್ಮ್ 16 ಇರುವ ನಾವಷ್ಟೇನಾ?

ಇನ್ನೊಂದು ಗೇಲಿ, 'ಮೂವತ್ತಾದರೂ ಓದ್ತಾರೆ'. ಲೆಕ್ಕ ಹಾಕಿ: ಎಂ.ಎ. ಮುಗಿಯುವಾಗ 23, ಪಿಎಚ್‌ಡಿಗೆ ಐದಾರು ವರ್ಷ. ನಡುವೆ ಕೆಲಸ, ಮದುವೆ, ಮಗು ಬಂದರೆ ಹೆಣ್ಣುಮಗಳಿಗೆ ಮೂವತ್ತು ದಾಟದೆ ಇನ್ನೇನು? ನಮ್ಮ ಆಫೀಸಿನಲ್ಲಿ ಮೂವತ್ತೈದಕ್ಕೆ ಎಂಬಿಎ ಸೇರಿದರೆ ಕೇಕ್ ಕತ್ತರಿಸುತ್ತೇವೆ!

ಪರಿಚಯದ ಮನೆಯೊಂದರ ಮಾತು, ಅವರ ಒಪ್ಪಿಗೆ ಪಡೆದೇ ಹೇಳುತ್ತಿದ್ದೇನೆ. ಮಗಳಿಗೆ ಭಾಷಾಶಾಸ್ತ್ರದಲ್ಲಿ ಎಂ.ಎ. ಮಾಡಲು ಜೆಎನ್‌ಯುಗೆ ಹೋಗುವಾಸೆ. 'ಅಲ್ಲಿ ಹೋದರೆ ಕೆಟ್ಟುಹೋಗ್ತಾಳೆ' ಅಂತಾರೆ ಅಪ್ಪ. ಅವರು ಆ ಕ್ಯಾಂಪಸ್ ನೋಡಿಲ್ಲ, ಚರ್ಚೆ ನೋಡಿದ್ದಾರೆ. ಅಲ್ಲಿ ಕನ್ನಡ ಪೀಠ ಇದೆ, ಪುರುಷೋತ್ತಮ ಬಿಳಿಮಲೆ ಅದರಲ್ಲಿದ್ದರು, ಕವಿ ಎಚ್.ಎಸ್. ಶಿವಪ್ರಕಾಶ್ ಅಲ್ಲೇ ಪಾಠ ಮಾಡಿದರು ಎಂದಾಗ ಅವರಿಗೆ ನಿಜಕ್ಕೂ ಆಶ್ಚರ್ಯ. ಟಿವಿ ಇದನ್ನು ತೋರಿಸಿರಲಿಲ್ಲ. ಅವರೇ ಓದಿದ್ದು ಹಾಸನದ ಸರ್ಕಾರಿ ಹಾಸ್ಟೆಲಿನಲ್ಲಿದ್ದುಕೊಂಡು, ಅದನ್ನೂ ನೆನಪಿಸಿದೆ. ನಕ್ಕರು, ಒಪ್ಪಲಿಲ್ಲ.

ಪ್ರವೇಶ ಪರೀಕ್ಷೆಯ ಅರ್ಜಿಯನ್ನಂತೂ ಹುಡುಗಿ ತುಂಬಿದ್ದಾಳೆ. ಸೀಟು ಸಿಕ್ಕರೆ ಹಾಸ್ಟೆಲ್ ನೋಡಿಕೊಂಡು ಬರಲು ಅವಳಮ್ಮನ ಜೊತೆ ನಾನೂ ದೆಹಲಿಗೆ ಹೋಗುತ್ತೇನೆ ಎಂದಿದ್ದೇನೆ. ಅಪ್ಪನಿಗೂ ಒಂದು ಟಿಕೆಟ್ ಮಾಡಿಸೋಣ ಅಂತಿದ್ದಾರೆ ಅವಳಮ್ಮ.