ದ್ವೀಪದ ಇಲಿಯೂ ನಮ್ಮ ಹೊಳೆಮತ್ತಿಯ ಅಳಿಲೂ



ಶತಮಾನೋತ್ಸವದ ವೇದಿಕೆಯಲ್ಲಿ ಇಲಿಯ ಮಾತೇ ಎಂದು ಕೆಲವರು ಮುಗುಳ್ನಗುತ್ತಿರುವುದು ಕಾಣುತ್ತಿದೆ. ರಾಗಿಯ ಹೊಲ ಕಾಯ್ದವರಿಗೆ ಇಲಿ ಹೆಗ್ಗಣಗಳ ಮೇಲೆ ಪ್ರೀತಿ ಹುಟ್ಟಬೇಕೆಂದು ನಾನೂ ಹೇಳೆನು. ಆದರೆ ಮುಂಬಾಚಿಹಲ್ಲು ಬಾಳಿನುದ್ದಕ್ಕೂ ಬೆಳೆಯುತ್ತಲೇ ಇರುವ ಈ ಜೀವಿಗಳ ಬಳಗ ಬಲು ದೊಡ್ಡದು. ಶಾಸ್ತ್ರಜ್ಞರು ಇವನ್ನು ದಂಶಕಗಳೆನ್ನುತ್ತಾರೆ. ಹೆಸರು ಕೇಳಿ ಮೋಸಹೋಗಬಾರದು: ಮುಳ್ಳುಹಂದಿ ಹಂದಿಯಲ್ಲ, ದಂಶಕ, ಸುಂಡಿಲಿ ಹೆಸರಿಗೆ ಇಲಿಯಾದರೂ ದಂಶಕವಲ್ಲ.

ಕಡಲ ನಡುವಿನ ದ್ವೀಪಗಳಲ್ಲಿ ಬೇಟೆಮೃಗಗಳೂ ಪೈಪೋಟಿಯೂ ಕಡಿಮೆ. ಅಂಥಲ್ಲಿ ಸಣ್ಣ ಪ್ರಾಣಿಗಳು ತಲೆಮಾರುಗಳು ಕಳೆದಂತೆ ಹಿರಿದಾಗುವುದುಂಟು. ಇಂಡೋನೇಷ್ಯದ ಫ್ಲೋರೆಸ್ ದ್ವೀಪದ ದೈತ್ಯ ಇಲಿಗೆ ಬಾಲ ಬಿಟ್ಟು ಮೈಯೇ 40 ಸೆಂ.ಮೀ. ಮೀರುತ್ತದೆ. ಸಾಲೊಮನ್ ದ್ವೀಪಗಳಲ್ಲೊಂದಾದ ವಂಗುನುವಿನ ಕಥೆ ಇನ್ನೂ ಸ್ವಾರಸ್ಯಕರ. ಮರದ ಮೇಲೆ ಬಾಳುವ ದೊಡ್ಡ ಇಲಿಯೊಂದಿದೆಯೆಂದು ಅಲ್ಲಿನ ಜನ ಹೇಳುತ್ತಿದ್ದರು; ಅದಕ್ಕೆ ‘ವಿಕ’ ಎಂಬ ಹೆಸರೂ ಅವರಲ್ಲಿತ್ತು. ಟೈರೋನ್ ಲೇವರಿ ಎಂಬ ವಿಜ್ಞಾನಿ ವರ್ಷಗಟ್ಟಲೆ ಹುಡುಕಿದರೂ ಅದು ಕಣ್ಣಿಗೆ ಬೀಳಲಿಲ್ಲ. ಕೊನೆಗೆ 2015ರಲ್ಲಿ ನಾಟಾಕ್ಕಾಗಿ ಉರುಳಿಸಿದ ಮರವೊಂದರಿಂದ ಅದು ದೊರೆಯಿತು. ತನ್ನ ಮನೆ ಬಿದ್ದ ಹೊತ್ತಿನಲ್ಲೇ ಅದು ಲೋಕಕ್ಕೆ ಪರಿಚಯವಾಯಿತು! 2017ರಲ್ಲಿ ಅದಕ್ಕೆ ಶಾಸ್ತ್ರೀಯ ನಾಮಕರಣವಾದಾಗ ಲ್ಯಾಟಿನ್ ಪದ ಹುಡುಕದೆ ‘ಯೂರೋಮಿಸ್ ವಿಕ’ ಎಂದೇ ಕರೆದರು. ಕೆಲವೇ ಸಾವಿರ ಜನರ ನುಡಿಯ ಒಂದು ಶಬ್ದ ವಿಜ್ಞಾನದ ಗ್ರಂಥವನ್ನು ಸೇರಿತು. ಗಡಿಯ ಈಚೆ ಕನ್ನಡದಲ್ಲಿ ಕಲಿಯುತ್ತಿರುವ ಮಕ್ಕಳು ಈ ಸಂಗತಿಯನ್ನು ನೆನಪಿಡಬೇಕೆಂದು ನನ್ನ ಆಸೆ.

ಎಲ್ಲ ದ್ವೀಪಗಳಿಗೂ ಸುತ್ತ ನೀರೇ ಇರಬೇಕೆಂದಿಲ್ಲ. 1946ರಲ್ಲಿ ಎಲ್ಲರ್ಮನ್ ಎಂಬ ಪ್ರಾಣಿಶಾಸ್ತ್ರಜ್ಞರು ವಿವರಿಸಿದ ಒಂದು ಬಂಡೆಯಿಲಿ ಸೇಲಂ ಜಿಲ್ಲೆಯದು. ಆಗ ನಮ್ಮ ಹೊಸೂರು ತಾಲ್ಲೂಕೂ ಅದೇ ಜಿಲ್ಲೆಗೆ ಸೇರಿತ್ತು. ಕುರುಚಲು ಕಾಡಿನ ಕಲ್ಲುಬಂಡೆಗಳ ನಡುವೆ ಬದುಕುವ ಆ ಇಲಿ ಇಂದು ಅಳಿವಿನ ಅಂಚಿನಲ್ಲಿದೆ. ಕಲ್ಲು ಒಡೆಯುವ ಕ್ವಾರಿಗಳ ಈ ಸೀಮೆಯಲ್ಲಿ ಬಂಡೆಯೂ ಯಾರದೋ ಮನೆಯೆಂಬುದು ನಮಗೆ ಹೊಳೆಯುವುದೇ ಇಲ್ಲ.

ಇನ್ನು ನಮ್ಮ ಜಿಲ್ಲೆಯ ಹೆಮ್ಮೆಗೆ ಬರುತ್ತೇನೆ. ಅಂಚೆಟ್ಟಿಯ ಆಚೆ ಕಾವೇರಿಯ ದಂಡೆಯಲ್ಲಿ ಬೂದುಬಣ್ಣದ ದೊಡ್ಡ ಅಳಿಲು ವಾಸಿಸುತ್ತದೆ. ಮನೆಯಂಗಳದ ಮೂರುಗೆರೆಯ ಅಳಿಲಿನೊಡನೆ ಅದನ್ನು ಹೋಲಿಸಬೇಡಿ. ಇದರ ತೂಕ ಒಂದೂವರೆ ಕಿಲೋ ಮುಟ್ಟುತ್ತದೆ, ಬಾಲವೇ ಮೈಯಷ್ಟು ಉದ್ದ. ಜಗತ್ತಿನಲ್ಲಿ ಇದು ದಕ್ಷಿಣ ಭಾರತದ ಕೆಲವೆಡೆಗಳಲ್ಲಿಯೂ ಶ್ರೀಲಂಕಾ ದ್ವೀಪದಲ್ಲಿಯೂ ಮಾತ್ರ ಉಂಟು. ಹಿಮಯುಗಗಳಲ್ಲಿ ಕಡಲು ತಗ್ಗಿದಾಗ ಲಂಕೆಗೂ ನಮಗೂ ನಡುವೆ ನೆಲವಿತ್ತೆಂಬುದನ್ನು ಸ್ಮರಿಸಿದರೆ ಈ ನಂಟು ಅಚ್ಚರಿಯಲ್ಲ.

ಇದು ನೆಲಕ್ಕಿಳಿಯುವುದು ಅಪರೂಪ. ಕೊಂಬೆಯಿಂದ ಕೊಂಬೆಗೆ ನೆಗೆದೇ ಅದರ ಸಂಚಾರ. ಹೊಳೆಮತ್ತಿ, ಹುಣಸೆ ಮೊದಲಾದ ಮರಗಳ ತಲೆಗಳು ಒಂದನ್ನೊಂದು ತಾಗಿಕೊಂಡಿರುವಷ್ಟು ದೂರ ಅದರ ರಾಜ್ಯ. ಆಚೆಗೆ ಒಣಕಾಡು, ಹೊಲ, ರಸ್ತೆ. ಹಾಗಾಗಿ ನದೀದಂಡೆಯ ಆ ಹಸಿರು ಪಟ್ಟಿಯೇ ಅದಕ್ಕೊಂದು ದ್ವೀಪ. ನಡುವೆ ನಾಲ್ಕು ಮರ ಕಡಿದರೆ ದ್ವೀಪ ಎರಡಾಗುತ್ತದೆ. ಆಚೆಯ ಗಂಡಿಗೂ ಈಚೆಯ ಹೆಣ್ಣಿಗೂ ಭೇಟಿ ತಪ್ಪುತ್ತದೆ. 2014ರಲ್ಲಿ ಈ ಪ್ರದೇಶವನ್ನು ಒಳಗೊಂಡು ಕಾವೇರಿ ಉತ್ತರ ವನ್ಯಜೀವಿಧಾಮ ಘೋಷಿತವಾಯಿತು; ಅದರ ವಿಸ್ತಾರ ಐನೂರು ಚದರ ಕಿಲೋಮೀಟರಿಗೂ ಮಿಗಿಲು. ಹೊಳೆಯಾಚೆ ಕರ್ನಾಟಕದ ಕಾವೇರಿ ವನ್ಯಧಾಮವಿದೆ. ಅಳಿಲಿಗೆ ರಾಜ್ಯದ ಗಡಿ ಗೊತ್ತಿಲ್ಲ. ಕೊಂಬೆಯ ಗಡಿ ಮಾತ್ರ ಗೊತ್ತು.

ನಮ್ಮೂರಿನ ಹೆಸರಿನಲ್ಲಿಯೂ ಮತ್ತಿ ಇದೆ. ಅದು ಮರದಿಂದಲೇ ಬಂದಿತೆಂದು ಸಾಧಿಸಲು ನಾನು ಹೊರಟಿಲ್ಲ. ಅದು ಪಂಡಿತರ ಕೆಲಸ. ಮಕ್ಕಳೇ, ಮುಂದೆ ನೀವು ಹೊಗೇನಕಲ್ಲಿನತ್ತ ಹೋದಾಗ ಜಲಪಾತವನ್ನಷ್ಟೇ ನೋಡಿ ಹಿಂದಿರುಗದೆ, ದಂಡೆಯ ಹೊಳೆಮತ್ತಿಗಳ ತುದಿಯನ್ನೂ ದಿಟ್ಟಿಸಿರಿ. ಎಲೆ, ಕಡ್ಡಿಗಳನ್ನು ಉಂಡೆಗಟ್ಟಿದಂಥ ದೊಡ್ಡ ಗೂಡು ಕೊಂಬೆಗಳ ನಡುವೆ ಕಂಡರೆ, ಸದ್ದುಮಾಡದೆ ಸ್ವಲ್ಪ ಹೊತ್ತು ನಿಲ್ಲಿರಿ.