ಚಳಿನಾಡಿನಲ್ಲಿ ತಾಳೆಯ ಮರಗಳು

ತೆಂಗು ಕಡಲ ಕರೆಯ ಮರ ಎಂಬುದು ಎಲ್ಲರೂ ಬಲ್ಲ ಮಾತು. ಉಪ್ಪುಗಾಳಿ, ಮರಳು ನೆಲ, ವರ್ಷವಿಡೀ ಬೆಚ್ಚನೆಯ ಹವೆ, ಇವು ಅದಕ್ಕೆ ಮೆಚ್ಚು. ಹಾಗಿದ್ದೂ ಇಂದಿರಾನಗರದ ಹಳೆಯ ಅಡ್ಡರಸ್ತೆಗಳಲ್ಲಿ ಒಮ್ಮೆ ತಲೆಯೆತ್ತಿ ನೋಡಿ: ಕಾಂಪೌಂಡಿನ ಒಳಗಿನಿಂದ ತೆಂಗಿನ ಗರಿಗಳು ಇಣುಕುತ್ತಿರುತ್ತವೆ. ಬಿನ್ನಮಂಗಲ, ಕೋಡಿಹಳ್ಳಿ, ದೂಪನಹಳ್ಳಿಗಳ ನಡುವೆ ಎದ್ದ ಈ ಬಡಾವಣೆ ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದೆ. ಎರಡು ಕಡಲುಗಳಿಗೂ ಸುಮಾರು 300 ಕಿಲೋಮೀಟರು ದೂರ. ತಿಪಟೂರು, ಅರಸೀಕೆರೆಗಳ ಕೊಬ್ಬರಿಯೂ ಇಂಥ ಮೇಲುನಾಡಿನ ಬೆಳೆಯೇ.

ಹಾಗಾದರೆ ಬೆಂಗಳೂರಿನ ಚಳಿ ತೆಂಗಿಗೆ ತಾಗುವುದಿಲ್ಲವೆ? ತಾಗುತ್ತದೆ. 1884ರ ಜನವರಿ 13ರಂದು ಇಲ್ಲಿ ಉಷ್ಣಮಾನ 7.8 ಡಿಗ್ರಿ ಸೆಂಟಿಗ್ರೇಡಿಗೆ ಇಳಿದಿತ್ತು. ಆದರೆ ನೀರು ಹೆಪ್ಪುಗಟ್ಟುವಷ್ಟು ಚಳಿ ಈ ಊರಿಗೆ ಬರುವುದಿಲ್ಲ. ತೆಂಗಿನ ಬದುಕು ನಿಂತಿರುವುದು ಈ ಅಂತರದಲ್ಲಿಯೇ. ಮಾವಿನ ಕೊಂಬೆ ಹೋದರೆ ಮತ್ತೊಂದು ಚಿಗುರುತ್ತದೆ. ತೆಂಗಿಗೆ ಇರುವುದು ನೆತ್ತಿಯ ಮೇಲಿನ ಒಂದೇ ಸುಳಿ. ಅದು ಸತ್ತರೆ ಮರವೇ ಸತ್ತಂತೆ. ನಮ್ಮ ಧನುರ್ಮಾಸದ ಚಳಿ ಸುಳಿಯನ್ನು ಕೊಲ್ಲುವುದಿಲ್ಲ, ಬೆಳವಣಿಗೆಯನ್ನು ನಿಧಾನ ಮಾಡುತ್ತದೆ, ಅಷ್ಟೆ.

ಹಿಮ ಬೀಳುವ ನಾಡಿನಲ್ಲಿ ಬಯಲಿಗೆ ನಿಲ್ಲುವ ತಾಳೆಗಳೂ ಉಂಟೆಂದರೆ ನೀವು ನಂಬುವಿರಾ? ಅವು ತೆಂಗಲ್ಲ, ಅದೇ ಕುಟುಂಬದ ದಾಯಾದಿಗಳು. ಬೀಸಣಿಗೆಯಂಥ ಎಲೆಯ ಚೀನೀ ತಾಳೆಯ ಕಾಂಡಕ್ಕೆ ಕಂದು ನಾರಿನ ಹೊದಿಕೆಯಿರುತ್ತದೆ. ಆ ನಾರಿನಿಂದ ಚೀನಾದ ರೈತರು ಹಗ್ಗ ಹೊಸೆದರು, ಮಳೆಗೆ ಹೊದೆಯುವ ಗೊರಬಿನಂಥದನ್ನೂ ಮಾಡಿಕೊಂಡರು. ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗಿನ ಚಳಿಯನ್ನೂ ಈ ಮರ ತಡೆದೀತು. 1849ರಲ್ಲಿ ರಾಬರ್ಟ್ ಫಾರ್ಚೂನ್ ಎಂಬಾತ ಇದರ ಸಸಿಗಳನ್ನು ಚೀನಾದಿಂದ ಇಂಗ್ಲೆಂಡಿಗೆ ಕಳುಹಿಸಿದ. ಅಟ್ಲಾಂಟಿಕ್ಕಿನ ಬೆಚ್ಚನೆಯ ಪ್ರವಾಹ ಸೋಕುವ ಸ್ಕಾಟ್ಲೆಂಡಿನ ಪಶ್ಚಿಮ ತೀರದಲ್ಲಿಯೂ ಅದು ಬೆಳೆಯುತ್ತದೆ. ಅಷ್ಟು ದೂರವೇಕೆ? ನಮ್ಮ ಕುಮಾವೂನಿನಲ್ಲಿ, ಪಿಥೋರಗಢದ ಬಳಿ, 2,000 ಮೀಟರಿಗೂ ಮೇಲೆ ಇದರ ಒಡಹುಟ್ಟಿನ ಒಂದು ಜಾತಿಯಿದೆ. 1905ರಲ್ಲಿ ಇಟಲಿಯ ಬೆಕ್ಕಾರಿ ಅದನ್ನು ಶಾಸ್ತ್ರೀಯವಾಗಿ ವರ್ಣಿಸಿದರು.

ಒಗ್ಗಿದ ಮರವೆಲ್ಲ ಒಳ್ಳೆಯದೆ? ಸ್ವಿಟ್ಜರ್ಲೆಂಡಿನ ದಕ್ಷಿಣದ ಟಿಚೀನೋ ಪ್ರಾಂತದಲ್ಲಿ ಈ ಚೀನೀ ತಾಳೆಯನ್ನು ತೋಟದ ಅಂದಕ್ಕೆಂದು ನೆಟ್ಟರು. ಹಕ್ಕಿಗಳು ಬೀಜವನ್ನು ಕಾಡಿಗೆ ಒಯ್ದವು, ಚಳಿಗಾಲವೂ ಮೆತ್ತಗಾಯಿತು, ಕಾಡಿನ ಮರಗಳ ಕೆಳಗೆ ತಾಳೆಯ ಸಸಿಗಳು ದಟ್ಟೈಸಿದವು. 2024ರ ಸೆಪ್ಟೆಂಬರಿನಿಂದ ಅಲ್ಲಿ ಅದರ ಮಾರಾಟಕ್ಕೇ ನಿಷೇಧ.

ನಮ್ಮ ತೆಂಗಿನ ಕಥೆ ಇದಕ್ಕೆ ತಿರುಗುಮುರುಗು. ಅದು ತಾನಾಗಿ ಹಬ್ಬುವುದಿಲ್ಲ. ನಾವು ನೆಟ್ಟರೆ ಉಂಟು, ಕಡಿದರೆ ಇಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ಮರ ಕಡಿಯಲು ಅನುಮತಿ ಬೇಕೆನ್ನುತ್ತದೆ. ಆದರೆ ಅನುಮತಿ ಬೇಡದ ಮರಗಳ ಪಟ್ಟಿಯಲ್ಲಿ ತೆಂಗೂ ಸೇರಿದೆ. ಹಳೆಯ ಮನೆ ಕೆಡವಿ ಅಪಾರ್ಟ್‌ಮೆಂಟು ಕಟ್ಟುವಾಗ ಅದನ್ನು ಉಳಿಸುವ ಹೊಣೆ ಮನೆಯವರದೇ.

ಬೇರು ಗೋಡೆಯನ್ನು ಸೀಳೀತೆಂಬ ಭಯ ಕೆಲವರಿಗೆ. ತೆಂಗಿನದು ತಂತುಬೇರು, ಆಲದ ಬೇರಿನಂತೆ ಅದು ವರ್ಷವರ್ಷಕ್ಕೂ ದಪ್ಪವಾಗುವುದಿಲ್ಲ. ಕಾಯಿ ತಲೆಯ ಮೇಲೆ ಬಿದ್ದೀತೆಂಬ ಭಯ ನಿಜವಾದದ್ದೇ. ಮರ ಹತ್ತುವವರನ್ನು ಕರೆಸಿ ಬಲಿತ ಕಾಯಿ, ಒಣಗಿದ ಗರಿಗಳನ್ನು ಕಾಲಕಾಲಕ್ಕೆ ಇಳಿಸಿದರೆ ಅದೂ ತೀರುತ್ತದೆ. ಬುಡದವರೆಗೆ ಸಿಮೆಂಟು ಬಳಿಯದೆ ಒಂದು ಪಾತಿಯಷ್ಟು ಮಣ್ಣು ಬಿಡಿ. ಮನೆಯ ನಕ್ಷೆ ಬರೆಸುವ ದಿನವೇ ಮರವಿರುವ ಜಾಗವನ್ನು ಅದರಲ್ಲಿ ಗುರುತು ಹಾಕಿಸಿ. ಚಳಿಯನ್ನು ತಡೆದುಕೊಂಡ ಮರ ಅದು. ಮಿಕ್ಕದ್ದು ನಿಮ್ಮ ಕೈಯಲ್ಲಿದೆ.