ಶ್ರೇಯಸ್ಸು, ಪ್ರೇಯಸ್ಸು ಮತ್ತು ದ್ವಾದಶಿಯ ಪಾರಣೆ



ಕಠೋಪನಿಷತ್ತಿನ ನಚಿಕೇತನು ಯಮಧರ್ಮನ ಮನೆಯಲ್ಲಿ ಮೂರು ರಾತ್ರಿ ಅನ್ನವಿಲ್ಲದೆ ಕಾದನು. ಮೂರನೆಯ ವರವಾಗಿ ಮರಣಾನಂತರದ ತತ್ತ್ವವನ್ನು ಕೇಳಿದಾಗ, ಯಮನು ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳನ್ನು, ಆನೆ ಕುದುರೆಗಳನ್ನು, ಬಂಗಾರವನ್ನು ಮುಂದಿಟ್ಟನು. ಬಾಲಕನು ಒಂದನ್ನೂ ಬಯಸಲಿಲ್ಲ. ಶ್ರೇಯಸ್ಸು ಬೇರೆ, ಪ್ರೇಯಸ್ಸು ಬೇರೆ ಎಂಬ ಉಪದೇಶ ದೊರೆತದ್ದು ಆ ಬಳಿಕ. ಶ್ರೀಮದಾಚಾರ್ಯರು ಭಾಷ್ಯ ರಚಿಸಿದ ಹತ್ತು ಉಪನಿಷತ್ತುಗಳಲ್ಲಿ ಇದೂ ಒಂದು.

ಇದೇ ಪ್ರಶ್ನೆಯನ್ನು ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ವಾಲ್ಟರ್ ಮಿಶೆಲ್ ಎಂಬ ಮನಶ್ಶಾಸ್ತ್ರಜ್ಞರು 1960ರ ದಶಕದ ಕೊನೆಯಲ್ಲಿ ಬೇರೊಂದು ರೀತಿಯಲ್ಲಿ ಪರೀಕ್ಷಿಸಿದರು. ನಾಲ್ಕೈದು ವರ್ಷದ ಮಗುವಿನ ಮುಂದೆ ಒಂದು ಸಿಹಿ. ಈಗಲೇ ತಿಂದರೆ ಅದೊಂದೇ, ಹಿರಿಯರು ಮರಳುವವರೆಗೆ ಕಾದರೆ ಎರಡು. ಸಿಹಿಯನ್ನೇ ದಿಟ್ಟಿಸುತ್ತ ಕುಳಿತ ಮಕ್ಕಳು ಬೇಗ ಸೋತರು. ಹಾಡಿಕೊಂಡವರು, ಮುಖ ತಿರುಗಿಸಿದವರು, ಅದನ್ನೊಂದು ಮೋಡವೆಂದು ಭಾವಿಸಿದವರು ಹೆಚ್ಚು ಹೊತ್ತು ಕಾದರು. ಸಂಯಮವೆಂಬುದು ಹುಟ್ಟಿನಿಂದಲೇ ಬಂದ, ಬದಲಾಗದ ಸ್ವಭಾವವಲ್ಲ, ಮನಸ್ಸನ್ನು ಬೇರೆಡೆ ನೆಲೆಗೊಳಿಸುವ ಅಭ್ಯಾಸ ಎಂಬುದು ಅವರ ನಿಲುವು.

ಏಕಾದಶಿಯ ವಿಧಿಯನ್ನು ಬಲ್ಲವರಿಗೆ ಇದು ಹೊಸತೆನಿಸದು. ಉಪವಾಸವೆಂದರೆ ಸಮೀಪದಲ್ಲಿ ವಾಸ. ಬರಿಯ ಹೊಟ್ಟೆಯನ್ನು ಖಾಲಿ ಬಿಡುವುದಲ್ಲ. ಹರಿಕಥಾಶ್ರವಣ, ಭಜನೆ, ಜಾಗರಣೆಗಳಿಂದ ಮನಸ್ಸಿಗೆ ಬೇರೊಂದು ಆಸರೆ ಕೊಡುವುದು. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಏಕಾದಶಿಗೆ ವಿಶೇಷ ಸ್ಥಾನ ನೀಡಿದ್ದಾರೆ. ಅಡುಗೆಮನೆಯತ್ತಲೇ ಮನಸ್ಸಿಟ್ಟು ಉಪವಾಸ ಮಾಡುವವನಿಗೆ ಸಂಜೆಯೊಳಗೆ ಕೋಪ ಬರುವುದು ಸಹಜವೇ! ಫಲಾಹಾರದ ಪಟ್ಟಿ ನಿತ್ಯದ ಊಟಕ್ಕಿಂತ ಉದ್ದವಾಗುವ ಮನೆಗಳ ಮಾತು ಬೇರೆ.

ಚಾತುರ್ಮಾಸ್ಯದ ಕ್ರಮವು ಇನ್ನೂ ಸೂಕ್ಷ್ಮವಾದುದು. ಶಾಕವ್ರತದಲ್ಲಿ ತರಕಾರಿ ವರ್ಜ್ಯ. ದಧಿವ್ರತದಲ್ಲಿ ತರಕಾರಿ ಮರಳುತ್ತದೆ, ಮೊಸರು ಹೋಗುತ್ತದೆ. ಅನಂತರ ಹಾಲು, ಕೊನೆಗೆ ದ್ವಿದಳ ಧಾನ್ಯ. ಮೆಹದಿಪಟ್ಟಣದ ರೈತು ಬಜಾರಿನಲ್ಲಿ ಮಳೆಗಾಲದ ಹಸಿರು ತರಕಾರಿ ರಾಶಿ ಬಿದ್ದಿರುವಾಗಲೇ ಹೈದರಾಬಾದಿನ ವ್ರತನಿಷ್ಠ ಗೃಹಿಣಿ ಬರಿಗೈಯಲ್ಲಿ ಹಿಂತಿರುಗುತ್ತಾಳೆ. ತಿಂಗಳು ಕಳೆದ ಮೇಲೆ ಅದೇ ತರಕಾರಿ ಎಲೆಯ ಮೇಲೆ ಹಬ್ಬವಾಗುತ್ತದೆ.

ಆದರೆ ಕಾಯಲಾರದವರನ್ನು ಹಳಿಯಲು ಈ ವಿಚಾರವನ್ನು ಬಳಸಬಾರದು. 2013ರಲ್ಲಿ ಪ್ರಕಟವಾದ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರ ಪ್ರಯೋಗದಲ್ಲಿ, ಮೊದಲು ಹಿರಿಯರು ಮಾತು ಉಳಿಸಿಕೊಂಡುದನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದುದನ್ನು ಕಂಡವರು 3 ನಿಮಿಷ ಮಾತ್ರ. ಬಾಲ್ಯದ ಈ ಸಂಯಮವು ಮುಂದಿನ ಯಶಸ್ಸನ್ನು ನಿರ್ಧರಿಸುತ್ತದೆಂಬ ಹಳೆಯ ನಂಬಿಕೆಯೂ 2018ರ ದೊಡ್ಡ ಅಧ್ಯಯನದಲ್ಲಿ ಬಹುಮಟ್ಟಿಗೆ ಸಡಿಲವಾಯಿತು. ಮನೆಯ ಪರಿಸ್ಥಿತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಾಗ ಆ ಸಂಬಂಧ ಬಹಳ ಕ್ಷೀಣಿಸಿತು. ನಾಳೆಯ ಅನ್ನ ನಿಶ್ಚಿತವಿಲ್ಲದವನು ಇಂದಿನದನ್ನು ಉಣ್ಣುವುದು ಚಾಪಲ್ಯವಲ್ಲ.

ಏಕಾದಶಿಯು ಸಹ್ಯವಾಗುವುದು ದ್ವಾದಶಿಯ ಪಾರಣೆ ತಪ್ಪದೆ ಬರುವುದರಿಂದ. ಪಾರಣೆಯ ವೇಳೆಯನ್ನು ಪಂಚಾಂಗವೇ ಹೇಳುತ್ತದೆ. ಅಗಸೆಸೊಪ್ಪು, ನೆಲ್ಲಿಕಾಯಿ ಬೆಳಗಿಗೆ ಮೊದಲೇ ಸಿದ್ಧವಾಗಿರುತ್ತವೆ. ಮಾಧಾಪುರದ ಕಚೇರಿಯಿಂದ ರಾತ್ರಿ ಪಾಳಿ ಮುಗಿಸಿ ಬರುವ ಮಗನಿಗಾಗಿ ತಾಯಿ ನಸುಕಿನಲ್ಲೇ ಒಲೆ ಹೊತ್ತಿಸುವುದೂ ಆ ಮಾತನ್ನು ಉಳಿಸಿಕೊಳ್ಳುವುದಕ್ಕಾಗಿಯೇ. ಪುಟ್ಟ ಮಗುವಿಗೆ ಉಪವಾಸದ ವಿಧಿಯಿಲ್ಲ. ಅದು ಹಾಲು ಕುಡಿದು, ಅಜ್ಜಿಯ ಪಕ್ಕದಲ್ಲಿ ಕುಳಿತು, ಪಾರಣೆಯ ಎಲೆ ಹಾಕುವುದನ್ನು ನೋಡುತ್ತಿರುತ್ತದೆ.